ಗಸ್ತಿಗೆ ಕೈಕೋಳ ಆರಿಸುವಾಗ ನಾನು ನೋಡಿದ್ದು

ಕೈಕೋಳದ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಎರಡು ಕೋಳದ ನಡುವೆ ಸರಪಳಿಯದೋ, ಬಾಗಿಲಿಗಿರುವಂಥ ಹಿಂಜ್ ಇರುವುದೋ ಅಂತ. ನಾನು ಆರಿಸುವಾಗ ಮೊದಲು ನೋಡಿದ್ದು ಡಬಲ್ ಲಾಕ್, ಅಂದರೆ ಹಾಕಿದ ಕೋಳ ಅಲ್ಲಿಂದ ಮುಂದೆ ಸರಿಯದಂತೆ ಹಿಡಿಯುವ ಎರಡನೆಯ ಬೀಗ.

ಕೋಳ ಮಣಿಕಟ್ಟಿಗೆ ಬಿದ್ದ ಮೇಲೆ ಅದರ ಹಲ್ಲುಗಳು ಬಿಗಿಯಾಗುವ ಕಡೆಗೆ ಮಾತ್ರ ಸರಿಯುತ್ತವೆ. ಕೋಳ ತೊಟ್ಟವನು ಜೀಪಿನ ಸೀಟಿಗೆ ಒರಗಿ ಕೂತರೂ ಸಾಕು, ಇನ್ನೊಂದು ಹಲ್ಲು ಒಳಗೆ ಹೋಗಿರುತ್ತದೆ. ಹೆಬ್ಬೆರಳ ಬದಿಯಲ್ಲಿ ಚರ್ಮದ ತೀರಾ ಕೆಳಗೇ ಒಂದು ನರ ಹಾದುಹೋಗುತ್ತದೆ. ಅದು ಅದುಮಿಹೋದರೆ ಹಿಂಗೈ ಜೋಮು ಹಿಡಿಯುತ್ತದೆ, ಕೆಲವರಿಗೆ ಅದು ವಾರಗಟ್ಟಲೆ ಬಿಡುವುದಿಲ್ಲ. ನಮ್ಮ ವಶದಲ್ಲಿರುವ ಮನುಷ್ಯನ ಕೈ ನಮ್ಮ ಜವಾಬ್ದಾರಿ. ಡಬಲ್ ಲಾಕ್ ಬಿದ್ದರೆ ಹಲ್ಲು ಅತ್ತಲೂ ಇಲ್ಲ ಇತ್ತಲೂ ಇಲ್ಲ. ತೆಳು ತಗಡು ತೂರಿಸಿ ಬಿಚ್ಚಿಕೊಳ್ಳುವುದೂ ಕಷ್ಟವಾಗುತ್ತದೆ.

ಡಬಲ್ ಲಾಕ್ ಹಾಕುವುದರಲ್ಲಿ ಎರಡು ಬಗೆ. ಸ್ಮಿತ್ ಅಂಡ್ ವೆಸನ್ ಕಂಪನಿಯ ಮಾಡೆಲ್ 100ರಲ್ಲಿರುವಂತೆ ಸಣ್ಣ ಸೀಳಿನೊಳಗೆ ಕೀಯ ಮೊನೆ ಇಟ್ಟು ಪಕ್ಕಕ್ಕೆ ತಳ್ಳುವುದು ಒಂದು. ಪೀರ್‌ಲೆಸ್ ಕಂಪನಿಯ ಕೋಳದಲ್ಲಿರುವಂತೆ ಅಂಚಿನ ಪಿನ್ನನ್ನು ನೇರ ಒಳಕ್ಕೆ ಒತ್ತುವುದು ಇನ್ನೊಂದು. ಎರಡನ್ನೂ ದೀಪ ಆರಿಸಿ, ಗ್ಲೌಸ್ ಹಾಕಿಕೊಂಡು ಮಾಡಿ ನೋಡಿದೆ. ಪಿನ್ನು ಬೆರಳಿಗೆ ಬೇಗ ಸಿಕ್ಕಿತು, ಒಳಗೆ ಹೋಗಿದ್ದೂ ಕೈಗೆ ಗೊತ್ತಾಯಿತು. ಆದರೆ ಪಿನ್ನು ತೀರಾ ಸಡಿಲ ಇರಬಾರದು. ಬೆಲ್ಟಿನ ಪೌಚ್‌ನಲ್ಲೇ ಒತ್ತಿಹೋದರೆ ಬೇಕಾದ ಹೊತ್ತಿಗೆ ಕೋಳ ತಿರುಗುವುದೇ ಇಲ್ಲ.

ಆಮೇಲೆ ತಿರುಗುವ ತೋಳು. 1912ರಲ್ಲಿ ಜಾರ್ಜ್ ಕಾರ್ನಿ ಪೇಟೆಂಟ್ ಪಡೆದ ವಿನ್ಯಾಸವೇ ಇವತ್ತಿಗೂ ನಡೆಯುತ್ತಿದೆ: ಒಂಟಿ ತೋಳು ಜೋಡಿ ಪಟ್ಟಿಯ ನಡುವೆ ಪೂರ್ತಿ ಸುತ್ತಿ ಬರುತ್ತದೆ, ಹಾಕುವ ಮುಂಚೆ ಕೀ ಬೇಡ. ಎಲ್ಲೂ ತಡೆಯದೆ ಸುತ್ತಬೇಕು, ಎರಡೂ ಕಡೆ ಒಂದೇ ಸಮ ಸದ್ದು ಬರಬೇಕು. ಒಳ ಅಂಚಿನ ಮೇಲೆ ಹತ್ತಿಯ ಚೂರು ಎಳೆದು ನೋಡಿದೆ. ಎಳೆ ಸಿಕ್ಕಿಕೊಂಡ ಜೋಡಿಯನ್ನು ಪಕ್ಕಕ್ಕಿಟ್ಟೆ.

ಹಿಂಜ್ ಇರುವ ಕೋಳದಲ್ಲಿ ಹಿಡಿತ ಹೆಚ್ಚು, ಕೈ ತಿರುಚಿ ಕೀ ರಂಧ್ರ ಮುಟ್ಟುವುದು ಕಷ್ಟ. ಆದರೆ ಗಸ್ತಿನಲ್ಲಿ ಸಿಗುವವರು ಸುಮ್ಮನೆ ನಿಂತು ಕೈ ಕೊಡುವುದಿಲ್ಲ. ಸರಪಳಿಯದಾದರೆ ಕೈ ಯಾವ ಕೋನದಲ್ಲಿದ್ದರೂ ಎರಡನೆಯ ಕೋಳ ಹಾಕಬಹುದು, ಒಬ್ಬನೇ ಇದ್ದಾಗ ಅದು ದೊಡ್ಡ ಮಾತು. ಬೆನ್ನ ಹಿಂದೆ ಕೈ ಕೂಡದಷ್ಟು ಭುಜ ಅಗಲ ಇರುವವರಿಗೆ ಎರಡು ಜೋಡಿಯನ್ನು ಸೇರಿಸಿ ಹಾಕುತ್ತೇನೆ. ನಡುವೆ ಗಟ್ಟಿ ಹಿಡಿ ಇರುವ ಬಗ್ಗದ ಕೋಳ ತರಬೇತಿ ಬಿಡದೆ ನಡೆಸುವ ಕಡೆ ಒಳ್ಳೆಯದೇ. ನನ್ನ ಬೆಲ್ಟಿಗೆ ಅದು ದಪ್ಪವಾಯಿತು.

ಲೋಹ ನಿಕ್ಕಲ್ ಲೇಪದ ಉಕ್ಕು. ಕಪ್ಪು ಬಣ್ಣ ಅಂಚಿನಲ್ಲಿ ಸವೆದು ತುಕ್ಕು ಹಿಡಿಯುತ್ತದೆ. ಕೀ ಮಾತ್ರ ಎಲ್ಲರ ಬಳಿ ಇರುವ ಸಾಮಾನ್ಯ ಅಳತೆಯದೇ ಇರಲಿ. ಉಸಿರು ಕಟ್ಟಿದಾಗ, ಗಾಯವಾದಾಗ ಜೊತೆಗಿರುವವರು ಯಾರಾದರೂ ತಕ್ಷಣ ತೆಗೆಯುವಂತಿರಬೇಕು. ನನ್ನ ಎರಡನೆಯ ಕೀ ಪೌಚ್‌ನಲ್ಲಲ್ಲ, ಅಂಗಿಯ ಜೇಬಿನಲ್ಲಿರುತ್ತದೆ.

ಪ್ರತಿ ಸಲ ಬಳಸಿದ ಮೇಲೆ ಸೋಂಕು ನಿವಾರಕದಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಹಲ್ಲಿನ ಜಾಗಕ್ಕೆ ತೆಳು ಎಣ್ಣೆ ಒಂದು ಹನಿ ಬಿಡುತ್ತೇನೆ. ಹಾಗೆ ಮಾಡಿದ ಮೇಲೂ ತೋಳು ತಡೆದರೆ ಆ ಜೋಡಿ ಮತ್ತೆ ಬೆಲ್ಟಿಗೆ ಏರುವುದಿಲ್ಲ.