ಕಣ್ಣಿಗೆ ಬಟ್ಟೆ ಕಟ್ಟುವ ತರಬೇತಿ ನಾನು ಯಾಕೆ ಬಿಟ್ಟೆ

ಸಹಕಾರ ಸಂಘವೊಂದರ ಕಚೇರಿಯಲ್ಲಿ ಸಿಬ್ಬಂದಿ ತರಬೇತಿ ನನ್ನ ಕೆಲಸ. ಸಾಲ ವಿಭಾಗಕ್ಕೆ ಕಣ್ಣು ಕಾಣದ ಒಬ್ಬರು ಸೇರುತ್ತಾರೆ ಅಂತ ಗೊತ್ತಾದಾಗ ಮೊದಲೇ ಎಲ್ಲರಿಗೂ ಒಂದು ತರಬೇತಿ ಇಟ್ಟೆ. ಕಣ್ಣಿಗೆ ಬಟ್ಟೆ ಕಟ್ಟಿ ಹತ್ತು ನಿಮಿಷ ಕಚೇರಿಯೊಳಗೆ ನಡೆಸಿದೆ. ಇಬ್ಬರು ಅತ್ತರು. "ಪಾಪ, ಹೆಂಗೆ ಬದುಕ್ತಾರೋ" ಅಂದರು. ಆಗಲೇ ನನಗೆ ಕಸಿವಿಸಿಯಾಯಿತು. ಹತ್ತು ನಿಮಿಷ ಕತ್ತಲಲ್ಲಿ ಎಡವಿದವರಿಗೆ ಸಿಗುವುದು ಭಯ. ದಿನಾ ಕೋಲು ಹಿಡಿದು ಎರಡು ಬಸ್ಸು ಬದಲಿಸಿ ಬರುವವರ ಪಳಗಿದ ಕೈ, ಕಿವಿ ಅದರಲ್ಲಿ ಎಲ್ಲಿ ಕಾಣುತ್ತದೆ?

ಅವರು ಸೇರಿದ ಮೇಲೆ ನೇರವಾಗಿ ಕೇಳಿದೆ, "ಮೇಡಂ, ಇಲ್ಲಿ ನಿಮಗೆ ಏನು ಅಡ್ಡಿಯಾಗ್ತಿದೆ?"

"ನಿಮ್ಮ ಸುತ್ತೋಲೆ ಒಂದನ್ನೂ ಓದೋಕೆ ಆಗ್ತಿಲ್ಲ."

ಮುಂದಿನ ತರಬೇತಿ ಅವರ ಮೇಜಿನ ಹತ್ತಿರವೇ ನಡೆಯಿತು. ಅವರು ಬಳಸುವುದು ಎನ್‌ವಿಡಿಎ, ತೆರೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ತಂತ್ರಾಂಶ. ಅದಕ್ಕೆ ಸ್ಪೀಕರ್ ಹಾಕಿ ನಮ್ಮದೇ ಸುತ್ತೋಲೆ ಓದಿಸಿದೆವು. ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗಲಾಟೆ! ಹಳೆಯ ನುಡಿ ಫಾಂಟಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಆದರೆ ಒಳಗಿರುವ ಸಂಕೇತ ಇಂಗ್ಲಿಷ್ ಅಕ್ಷರಗಳದ್ದು, ಹಾಗಾಗಿ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ತಿಳಿಯುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ತೆರೆದರೆ ಪೂರ್ತಿ ಮೌನ, ಯಾಕೆಂದರೆ ಅದು ಬರೀ ಚಿತ್ರ. ಅದೇ ಸುತ್ತೋಲೆಯನ್ನು ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಿಸಿ ಓದಿಸಿದಾಗ ಪ್ರತಿ ಸಾಲೂ ಸ್ಪಷ್ಟವಾಗಿ ಕೇಳಿಸಿತು. ಟೈಪಿಂಗ್ ನೋಡಿಕೊಳ್ಳುವ ನಮ್ಮ ಹಿರಿಯ ಗುಮಾಸ್ತರು ಅವತ್ತು ಸಂಜೆ ಮನೆಗೇ ಹೋಗಲಿಲ್ಲ, ಆ ತಿಂಗಳ ಎಲ್ಲ ಕಡತ ಬದಲಿಸಿಟ್ಟು ಎದ್ದರು.

ಆಮೇಲೆ ತರಬೇತಿಗೆ ವಾಚ್‌ಮನ್‌ನನ್ನೂ ಕಸ ಗುಡಿಸುವ ಅಮ್ಮನನ್ನೂ ಕೂರಿಸಿದೆ. ಅಧಿಕಾರಿಗಳಿಗಿಂತ ಇವರಿಗೆ ಇದು ಜಾಸ್ತಿ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. "ಬಕೆಟ್ ಎಲ್ಲಿಟ್ಟಿದೀನಿ ಅಂತ ಬಾಯಿಬಿಟ್ಟು ಹೇಳ್ಬೇಕು ಅಲ್ವಾ" ಅಂತ ಆ ಅಮ್ಮ ತಾವಾಗಿಯೇ ಹೇಳಿದರು. ವಾಚ್‌ಮನ್ ರ‍್ಯಾಂಪಿನ ಮೇಲೆ ಬೈಕ್ ನಿಲ್ಲಿಸಲು ಈಗ ಯಾರಿಗೂ ಬಿಡುವುದಿಲ್ಲ.

ಆ ರ‍್ಯಾಂಪಿನದೇ ಬೇರೆ ಕಥೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. ನಮ್ಮ ಮೆಟ್ಟಿಲು ಆರಿಂಚು ಎತ್ತರ, ಅಂದರೆ ಆರಡಿ ಉದ್ದ ಬೇಕಿತ್ತು. ಇದ್ದದ್ದು ಮೂರೇ ಅಡಿ! ಗಾಲಿಕುರ್ಚಿಯಲ್ಲಿ ಬರುವ ಸದಸ್ಯರನ್ನು ಇಬ್ಬರು ಹಿಡಿದು ಎತ್ತಬೇಕಿತ್ತು. ಖರ್ಚಿನ ಮಾತು ಬಂದಾಗ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಆಡಳಿತ ಮಂಡಳಿಯ ಮುಂದಿಟ್ಟೆ. ಅದರಲ್ಲಿ ಖಾಸಗಿ ಸಂಸ್ಥೆ ಅಂದರೆ ಸಹಕಾರ ಸಂಘವೂ ಸೇರುತ್ತದೆ, ವಿಕಲಚೇತನರಿಗೆ ಏನೇನು ಅನುಕೂಲ ಮಾಡಿಕೊಡುತ್ತೇವೆ ಅಂತ ಹೇಳುವ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಲೇಬೇಕು. ಹಣ ಮಂಜೂರಾಯಿತು.

ಸಾಲದ ತಂತ್ರಾಂಶ ಮಾತ್ರ ಇನ್ನೂ ಸರಿಯಾಗಿಲ್ಲ. ಅದರ ಗುಂಡಿಗಳಿಗೆ ಹೆಸರು ಕೊಟ್ಟಿಲ್ಲ, ಹಾಗಾಗಿ ಎನ್‌ವಿಡಿಎ "ಬಟನ್, ಬಟನ್" ಅಂತ ಮಾತ್ರ ಹೇಳುತ್ತದೆ. ಅದನ್ನು ಮಾಡಿಕೊಟ್ಟವರಿಗೆ ಪ್ರತಿ ಸೋಮವಾರ ನಾನು, ಮೇಡಂ ಇಬ್ಬರೂ ಕೂತು ಫೋನ್ ಮಾಡುತ್ತಿದ್ದೇವೆ.