ಮೊದಲು ರಿಜಿಸ್ಟರ್, ಆಮೇಲೆ ಕಪಾಟು: ಊರಿನ ಮ್ಯೂಸಿಯಂ ನೋಡಿಕೊಳ್ಳುವ ಬಗೆ

ಮಲೆನಾಡು, ಕರಾವಳಿಯ ಹಲವು ಊರುಗಳಲ್ಲಿ ಈಗ ಪುಟ್ಟ ಪುಟ್ಟ ಮ್ಯೂಸಿಯಂಗಳಿವೆ. ಮುಚ್ಚಿದ ಶಾಲೆಯ ಕೊಠಡಿ, ಮಠದ ಉಪ್ಪರಿಗೆ, ಸೊಸೈಟಿಯ ಹಳೇ ಗೋದಾಮು, ಹೀಗೆ ಎಲ್ಲಾದರೊಂದು ಕಡೆ ಕೊಳಗ, ಗಿಂಡಿ, ಮರಿಗೆ, ತಾಳೆಗರಿಯ ಕಟ್ಟು, ಮಳೆಗೆ ಹೊದೆಯುವ ಗೊರಬು, ಯಕ್ಷಗಾನದ ಕಿರೀಟ ಬಂದು ಸೇರುತ್ತವೆ. ಉದ್ಘಾಟನೆಯ ದಿನ ಎಲ್ಲವೂ ಫಳಫಳ. ಎರಡು ಮೂರು ಮಳೆಗಾಲ ಕಳೆಯಲಿ, ಆಗ ನೋಡಿ: ಕಿರೀಟದ ಬೆನ್ನಿಗೆ ಬೂಷ್ಟು, ಮರಿಗೆಯ ಅಡಿಯಲ್ಲಿ ಮರ ಕೊರೆಯುವ ಕುಟ್ಟೆ ಹುಳುವಿನ ಪುಡಿ. ‘ಈ ಗಿಂಡಿ ಯಾರ ಮನೆಯದು?’ ಎಂದು ಕೇಳಿದರೆ ಹೇಳುವವರೂ ಇಲ್ಲ.

ಈ ಮೂರರಲ್ಲಿ ಮತ್ತೆಂದೂ ಸರಿಪಡಿಸಲಾಗದ ನಷ್ಟ ಕೊನೆಯದು. ಹಾಗಾಗಿ ಕೆಲಸವನ್ನು ಅಲ್ಲಿಂದಲೇ ಶುರು ಮಾಡೋಣ. ಕ್ಯುರೇಟರ್ ಇಟ್ಟುಕೊಳ್ಳುವಷ್ಟು ದುಡ್ಡಿಲ್ಲದೆ, ಒಬ್ಬ ಮೇಷ್ಟ್ರು ಮತ್ತು ಇಬ್ಬರು ಉತ್ಸಾಹಿಗಳು ನಡೆಸುವ ಸಂಗ್ರಹಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತು.

1. ರಿಜಿಸ್ಟರ್ ತೆರೆಯಿರಿ

ಕಂಪ್ಯೂಟರ್ ಆಮೇಲೆ. ಮೊದಲು ಹೊಲಿಗೆ ಹಾಕಿದ, ಪುಟಸಂಖ್ಯೆ ಇರುವ ರಟ್ಟಿನ ದಪ್ಪ ಪುಸ್ತಕ ತನ್ನಿ. ಬಿಡಿ ಹಾಳೆಗಳ ಫೈಲ್ ಬೇಡ, ಹಾಳೆ ಬದಲಾಯಿಸುವುದು ಬಲು ಸುಲಭ. ಪ್ರತಿ ವಸ್ತುವಿಗೆ ಒಂದು ಸಂಖ್ಯೆ ಕೊಡಿ. 2025.14.3 ಎಂದರೆ 2025ರಲ್ಲಿ ಬಂದ 14ನೇ ದಾನದ ಮೂರನೇ ವಸ್ತು. ವಸ್ತು ಒಡೆದರೂ ಕಳೆದರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ತಪ್ಪು ಬರೆದರೆ ಒಂದು ಗೆರೆ ಎಳೆದು ಸಹಿ ಹಾಕಿ. ವೈಟ್ನರ್ ಮುಟ್ಟಬೇಡಿ.

ಏನು ಬರೆಯಬೇಕು? ‘ಕೊಳಗ, ಹಿತ್ತಾಳೆ ಕಟ್ಟು, ಎತ್ತರ ಇಷ್ಟು’ ಎಂದು ಮುಗಿಸಿದರೆ ಸಾಲದು. ಇದು ಗೇಣಿ ಅಳೆಯಲು ಧಣಿಗಳ ಮನೆಯಲ್ಲಿದ್ದ ಕೊಳಗವೋ, ಒಕ್ಕಲಿನ ಮನೆಯದೋ? ಎಷ್ಟು ಸೇರು ಹಿಡಿಯುತ್ತಿತ್ತು? ಬಳಕೆ ನಿಂತದ್ದು ಯಾವಾಗ? ‘1974ರಲ್ಲಿ ಉಳುವವನೇ ಹೊಲದೊಡೆಯ ಎಂದಾದ ಮೇಲೆ ಗೇಣಿಯೇ ನಿಂತು ಇದು ಅಟ್ಟ ಸೇರಿತು’ ಎಂದು ಕೊಟ್ಟವರು ಹೇಳಿದರೆ ಅವರ ಮಾತಿನಲ್ಲೇ ಬರೆದುಕೊಳ್ಳಿ. ಆ ಒಂದು ಸಾಲಿನಿಂದ ಕೊಳಗ ಆ ಸೀಮೆಯ ಚರಿತ್ರೆಗೆ ಸಾಕ್ಷಿಯಾಗುತ್ತದೆ. ಸಾಲಿಲ್ಲದ ಕೊಳಗ ಗುಜರಿ ಅಂಗಡಿಯಲ್ಲೂ ಸಿಗುತ್ತದೆ. ಆ ಊರಲ್ಲಿ ವಸ್ತುವಿಗಿದ್ದ ಹೆಸರನ್ನೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಸಾಧ್ಯವಾದರೆ ಹಿರಿಯರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಫೈಲಿನ ಹೆಸರನ್ನೂ ವಸ್ತುವಿನ ಸಂಖ್ಯೆಯಲ್ಲೇ ಉಳಿಸಿ.

ಜೊತೆಗೆ ದಾನಪತ್ರ ಬೇಕೇ ಬೇಕು. ‘ನೀವೇ ಇಟ್ಕೊಳ್ಳಿ ಮಾರಾಯ್ರೆ’ ಎಂಬ ಬಾಯಿಮಾತಿನ ದಾನ ಮುಂದಿನ ತಲೆಮಾರಿನಲ್ಲಿ ಜಗಳವಾಗುತ್ತದೆ. ದಾನವೋ, ಕೆಲಕಾಲಕ್ಕೆ ಎರವಲೋ ಎಂಬುದು ಸಹಿಯೊಂದಿಗೆ ಸ್ಪಷ್ಟವಾಗಿರಲಿ.

ಸಂಖ್ಯೆಯನ್ನು ವಸ್ತುವಿನ ಮೇಲೆ ಬರೆಯುವುದಕ್ಕೂ ಕ್ರಮವಿದೆ. ಸ್ಟಿಕ್ಕರ್, ಸೆಲ್ಲೋಟೇಪ್, ನೇಲ್ ಪಾಲಿಶ್ ಯಾವುದೂ ಬೇಡ. ಲೋಹ, ಕಲ್ಲು, ಮಣ್ಣಿನ ಪಾತ್ರೆಗಳಿಗೆ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಾಲಾಯ್ಡ್ ಬಿ-72 ಎಂಬ ರಾಳವನ್ನು ಕಾಣದ ಜಾಗದಲ್ಲಿ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಇಂಡಿಯನ್ ಇಂಕಿನಲ್ಲಿ ಬರೆದು, ಮೇಲೊಂದು ಪದರ ಹಚ್ಚಬೇಕು. ಬೇಡವೆನಿಸಿದಾಗ ಅಸಿಟೋನ್‌ನಿಂದಲೇ ತೆಗೆಯಬಹುದು. ಬಟ್ಟೆಗೆ ಹತ್ತಿಯ ಪಟ್ಟಿ ಹೊಲಿಯಿರಿ, ಕಾಗದದ ಹಿಂದೆ ಮೆತ್ತನೆ ಪೆನ್ಸಿಲ್ ಸಾಕು. ತಾಳೆಗರಿಯ ಮೇಲೆ ಏನನ್ನೂ ಬರೆಯದೆ ದಾರಕ್ಕೆ ಚೀಟಿ ಕಟ್ಟಿ.

ಇಷ್ಟಾದ ಮೇಲೆ ಫೋಟೊ, ಕಂಪ್ಯೂಟರ್ ಪಟ್ಟಿ. ಪಟ್ಟಿಯ ಒಂದು ಪ್ರತಿ ಆ ಕಟ್ಟಡದಲ್ಲಿರಲೇಬಾರದು. 2016ರ ಏಪ್ರಿಲ್‌ನಲ್ಲಿ ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯಕ್ಕೆ ಬೆಂಕಿ ಬಿದ್ದದ್ದು ನೆನಪಿರಲಿ.

2. ‘ಬೇಡ’ ಎನ್ನಲು ಕಲಿಯಿರಿ

ಹತ್ತು ಬೀಸೋಕಲ್ಲು ಇರುವಲ್ಲಿಗೆ ಹನ್ನೊಂದನೆಯದು ಬಂದರೆ ಕೈಮುಗಿದು ವಾಪಸ್ ಕಳಿಸಿ. ನಮ್ಮ ಸೀಮೆ ಯಾವುದು, ಯಾವ ಕಾಲದ ಯಾವ ಬಗೆಯ ವಸ್ತು ನಮಗೆ ಬೇಕು ಎಂದು ಅರ್ಧ ಪುಟ ಬರೆದಿಟ್ಟುಕೊಂಡರೆ ದಾಕ್ಷಿಣ್ಯದ ಕಾಟ ತಪ್ಪುತ್ತದೆ.

ಕಾನೂನಿನ ಕಾಟ ಬೇರೆ. ನೂರು ವರ್ಷ ದಾಟಿದ ಶಿಲ್ಪ, ಚಿತ್ರ ಮುಂತಾದವೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಯಾವುದನ್ನು ನೋಂದಾಯಿಸಬೇಕೆಂದು ಪುರಾತತ್ವ ಇಲಾಖೆಯಲ್ಲಿ ಕೇಳಿ ತಿಳಿಯಿರಿ. ತೋಟ ಅಗೆಯುವಾಗ ಸಿಕ್ಕ ನಾಣ್ಯದ ಕೊಡವನ್ನು ನೇರ ನಿಮ್ಮ ಕಪಾಟಿಗೆ ಸೇರಿಸುವಂತಿಲ್ಲ, ಮೊದಲು ಸರ್ಕಾರಕ್ಕೆ ತಿಳಿಸಬೇಕು. ಜಿಂಕೆಕೊಂಬು, ಚಿರತೆಚರ್ಮ, ಆನೆದಂತವನ್ನು ಯಾರಾದರೂ ‘ಅಜ್ಜನ ಕಾಲದ್ದು’ ಎಂದು ತಂದರೆ ಅರಣ್ಯ ಇಲಾಖೆಯ ದಾಖಲೆ ಕೇಳದೆ ಮುಟ್ಟಬೇಡಿ. ಹುಲಿಯುಗುರು 2023ರಲ್ಲಿ ನಮ್ಮ ರಾಜ್ಯದಲ್ಲಿ ಎಬ್ಬಿಸಿದ ಗದ್ದಲ ಎಲ್ಲರಿಗೂ ಗೊತ್ತು.

ದೈವದ ಮೊಗ (ಮುಖವಾಡ), ಕಡ್ಸಲೆ (ಖಡ್ಗ) ಇವುಗಳ ವಿಷಯದಲ್ಲಿ ಕಾನೂನಿಗಿಂತ ಮೊದಲು ಮನೆಯವರನ್ನು ಕೇಳಿ. ಅದರ ಆರಾಧನೆ ನಿಂತಿದೆಯೇ, ಯಾರು ಮುಟ್ಟಬಹುದು, ಎಲ್ಲಿಡಬೇಕು ಎಂಬುದನ್ನೂ ರಿಜಿಸ್ಟರಿಗೆ ಸೇರಿಸಿ.

3. ಕೋಣೆಗೆ ಮೊದಲ ಚಿಕಿತ್ಸೆ

ವಸ್ತುವನ್ನು ಉಜ್ಜುವ ಮೊದಲು ಸೂರು ನೋಡಿ. ಸೋರುವ ಹೆಂಚು, ಕಸ ಕಟ್ಟಿಕೊಂಡ ಮಳೆನೀರಿನ ದೋಣಿ, ಗೋಡೆಗೆ ತಾಗಿ ನಿಲ್ಲುವ ನೀರು ಸರಿಯಾದರೆ ಅರ್ಧ ಕೆಲಸ ಆದಂತೆ. ನಂತರ ತೇವ. ಗಾಳಿಯ ತೇವಾಂಶ ಶೇ 65-70 ದಾಟಿ ಹಾಗೇ ನಿಂತರೆ ಬೂಷ್ಟು ಖಚಿತ. ಆಗುಂಬೆ ಸುತ್ತಿನ ಜುಲೈ ಅದಕ್ಕಿಂತ ಎಷ್ಟೋ ಮೇಲೆ.

ಎರಡು ಡಿಜಿಟಲ್ ತೇವಮಾಪಕ ಕೊಳ್ಳಿ. ದುಬಾರಿಯೇನಲ್ಲ. ಒಂದು ಒಳಗೆ, ಒಂದು ಹೊರಗೆ. ಎರಡೂ ಕಡೆ ಸೆಕೆ ಒಂದೇ ಸಮನಿದ್ದು, ಮಳೆ ಹೊಳವಾಗಿ ಹೊರಗಿನ ಅಂಕಿ ಒಳಗಿನದಕ್ಕಿಂತ ಇಳಿದಾಗ ಮಾತ್ರ ಕಿಟಕಿ ತೆರೆಯಿರಿ. ‘ಗಾಳಿಯಾಡಲಿ’ ಎಂದು ಮಳೆಯಲ್ಲೂ ತೆರೆದಿಡುವುದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು. ಉಳಿದ ಹೊತ್ತು ಒಳಗಿನ ಫ್ಯಾನ್ ತಿರುಗಲಿ. ಹಗಲು ಎ.ಸಿ. ಹಾಕಿ ರಾತ್ರಿ ಆರಿಸುವುದಕ್ಕಿಂತ ಎ.ಸಿ. ಇಲ್ಲದಿರುವುದೇ ಮೇಲು. ದಿನವೂ ತೇವ ಏರಿಳಿದರೆ ಮರ ಸೀಳುತ್ತದೆ, ಬಣ್ಣ ಹಕ್ಕಳೆ ಏಳುತ್ತದೆ.

ಕಪಾಟುಗಳು ಕಬ್ಬಿಣದವಾಗಿರಲಿ, ನೆಲದಿಂದ ಒಂದು ಗೇಣು ಮೇಲಿರಲಿ, ಹೊರಗೋಡೆಗೆ ತಾಗದಿರಲಿ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸದೆ, ಆ ವಸ್ತುವನ್ನು ಬೇರೆಯಿಟ್ಟು ಒಣಗಿಸಿ, ಮಾಸ್ಕ್ ಹಾಕಿಕೊಂಡು ಹೊರಗಿನ ನೆರಳಲ್ಲಿ ಮೆತ್ತನೆ ಬ್ರಷ್‌ನಿಂದ ಬಿಡಿಸಿ.

4. ಹುಳುಗಳ ದಿಗ್ಬಂಧನ

ಹೊಸದಾಗಿ ಬಂದ ಮರ, ಬಟ್ಟೆ, ಕಾಗದವನ್ನು ನೇರ ಒಳಗೆ ತರಬೇಡಿ. ಬೇರೆ ಕೋಣೆಯಲ್ಲಿ, ಮರದ ವಸ್ತುವಿನಡಿ ಕಪ್ಪು ಕಾಗದ ಹಾಸಿ, ಕೆಲವು ವಾರ ಬಿಡಿ. ಕಾಗದದ ಮೇಲೆ ಹೊಸ ಪುಡಿ ಉದುರಿದ್ದರೆ ಕುಟ್ಟೆ ಜೀವಂತವಿದೆ.

ಮದ್ದಿಗೆ ಕೀಟನಾಶಕ ಬೇಕಿಲ್ಲ, ಐಸ್‌ಕ್ರೀಮ್ ಇಡುವ ಡೀಪ್ ಫ್ರೀಜರ್ ಸಾಕು. ವಸ್ತುವನ್ನು ಪಾಲಿಥೀನ್‌ನಲ್ಲಿ ಸುತ್ತಿ, ಗಾಳಿ ಹೊರಹಾಕಿ, ಅಂಟಿಸಿ, ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಪೂರ್ತಿ ಒಂದು ದಿನ ಕವರ್ ಬಿಚ್ಚಬೇಡಿ. ಬಿಚ್ಚಿದರೆ ಕವರಿನ ಹೊರಗೆ ಕೂರಬೇಕಾದ ನೀರು ವಸ್ತುವಿನ ಮೇಲೆ ಕೂರುತ್ತದೆ. ಬಣ್ಣ, ಅರಗು, ಗಾಜು, ದಂತ ಇರುವ ವಸ್ತುಗಳಿಗೆ ಈ ಉಪಾಯ ಸಲ್ಲದು.

ನುಸಿಗುಳಿಗೆಯ ವಾಸನೆ ಮ್ಯೂಸಿಯಂಗೆ ಬರುವ ಮಕ್ಕಳಿಗೂ ಒಳ್ಳೆಯದಲ್ಲ. ಬಜೆ ಬೇರಿನ ಗಂಟು ಇಡುವ ಹಿರಿಯರ ಪದ್ಧತಿಗೆ ಅಡ್ಡಿಯಿಲ್ಲ, ಆದರೆ ಗಂಟಿದೆಯೆಂದು ತಪಾಸಣೆ ಬಿಡಬೇಡಿ.

5. ಒಂದೊಂದಕ್ಕೆ ಒಂದೊಂದು ಉಪಚಾರ

ಹಿತ್ತಾಳೆ, ತಾಮ್ರ, ಕಂಚು: ಹುಣಸೆಹಣ್ಣು ದೂರವಿಡಿ. ಮನೆಯ ಚೆಂಬಿಗೆ ಅದು ಸರಿ. ಇಲ್ಲಿ ಪ್ರತಿ ಉಜ್ಜಿಗೂ ಲೋಹದ ಒಂದು ಪದರವೂ, ಅದರ ಮೇಲಿನ ಕುಸುರಿಯೂ, ಕೆತ್ತಿದ ಹೆಸರೂ ಸವೆಯುತ್ತವೆ. ಗಟ್ಟಿಯಾಗಿ ಕೂತ ಕಂದು, ಹಸಿರು ಬಣ್ಣ ಲೋಹಕ್ಕೆ ರಕ್ಷೆ, ಬಿಟ್ಟುಬಿಡಿ. ತಿಳಿಹಸಿರಿನ ಕಿಲುಬು ಪುಡಿಪುಡಿಯಾಗಿ ಉದುರುತ್ತಿದ್ದರೆ ಮಾತ್ರ ಗಾಬರಿಯಾಗಬೇಕು. ಅಂಥದ್ದನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಒಂಟಿಯಾಗಿಟ್ಟು ತಜ್ಞರಿಗೆ ತೋರಿಸಿ.

ತಾಳೆಗರಿ: ಬಾಗಿದ ಗರಿಯನ್ನು ಬಲವಂತವಾಗಿ ನೇರ ಮಾಡಬೇಡಿ. ಒಣ ಬ್ರಷ್‌ನಿಂದ ಧೂಳು ತೆಗೆದು, ಮರದ ಹಲಗೆಗಳ ನಡುವಿಟ್ಟು, ಕೋರಾ ಬಟ್ಟೆಯಲ್ಲಿ ಸುತ್ತಿ ಮಲಗಿಸಿಡಿ. ಕಂಟ ಎಂಬ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರ ಮಾಸಿದ್ದರೆ ಮಸಿ ತುಂಬುವ ಆತುರ ಬೇಡ, ಪಕ್ಕದಿಂದ ಟಾರ್ಚ್ ಹಿಡಿದು ಫೋಟೊ ತೆಗೆದರೆ ಎಷ್ಟೋ ಓದಿಗೆ ಸಿಗುತ್ತದೆ. ಸಿಟ್ರೊನೆಲ್ಲಾ ಎಣ್ಣೆ ಹಚ್ಚುವುದು ತರಬೇತಿ ಇದ್ದವರ ಕೆಲಸ. ಮತ್ತೆ, ಕಟ್ಟಿನಲ್ಲಿ ಏನಿದೆಯೆಂದು ಓದಿಸದೆ ಅಲಂಕಾರಕ್ಕೆ ಗಾಜಿನೊಳಗೆ ಇಟ್ಟುಬಿಡಬೇಡಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿತ್ತು. 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಅಚ್ಚಿಗೆ ಕೊಟ್ಟವರು ಅಲ್ಲಿನ ಆರ್. ಶಾಮಶಾಸ್ತ್ರಿಗಳು.

ಕಡತ: ಇದು ಕಚೇರಿಯ ಫೈಲಲ್ಲ, ಹಿಂದೆ ಲೆಕ್ಕ ಬರೆಯುತ್ತಿದ್ದ ಬಟ್ಟೆಯ ಪುಸ್ತಕ. ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಕಪ್ಪು ಬಟ್ಟೆಯ ಮಡಿಕೆ, ಬಳಪದ ಬಿಳಿ ಅಕ್ಷರ. ಒದ್ದೆ ಬಟ್ಟೆ ಸೋಕಿದರೆ ನೂರು ವರ್ಷದ ಲೆಕ್ಕ ಒಂದೇ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಮೊದಲು ಪೂರ್ತಿ ಫೋಟೊ ತೆಗೆಯಿರಿ, ನಂತರ ಧೂಳಿನ ಯೋಚನೆ. ಬೆರಳೂ ತಾಗದಿರಲಿ.

ತೊಗಲುಗೊಂಬೆ: ಗೋಡೆಗೆ ನೇತುಹಾಕಿದರೆ ಚಂದ ಕಾಣುತ್ತದೆ, ಆದರೆ ಚರ್ಮ ಸುರುಟಿಕೊಳ್ಳುತ್ತದೆ. ಬಿಳಿ ಕಾಗದದ ನಡುವೆ ಅಡ್ಡ ಮಲಗಿಸಿ.

ರೇಷ್ಮೆ, ಹತ್ತಿ: ಮಡಿಕೆಯಲ್ಲೇ ಸೀರೆ ಹರಿಯುವುದು. ಕೊಳವೆಗೆ ಸುತ್ತಿ, ಇಲ್ಲವೇ ಮಡಿಕೆಯೊಳಗೆ ಬಟ್ಟೆಯ ಸುರುಳಿ ಇಡಿ.

ವೀರಗಲ್ಲು, ಶಾಸನ: ಎಣ್ಣೆ, ಸುಣ್ಣ, ಪೇಂಟ್ ಯಾವುದೂ ಬೇಡ. ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ತುಂಬುವುದೂ ಬೇಡ. ಕತ್ತಲಾದ ಮೇಲೆ ಓರೆಯಾಗಿ ಟಾರ್ಚ್ ಹಿಡಿಯಿರಿ.

6. ಬೆಳಕು

ಬಟ್ಟೆ, ಕಾಗದ, ಬಣ್ಣದ ಚಿತ್ರಕ್ಕೆ 50 ಲಕ್ಸ್ (ಬೆಳಕಿನ ಅಳತೆ) ಸಾಕು. ಮೊಬೈಲ್ ಆ್ಯಪ್‌ನಲ್ಲಿ ಅಂದಾಜು ಅಳೆಯಬಹುದು. ಮಾಡಿನ ಗಾಜಿನ ಹೆಂಚಿನಿಂದ ಬೀಳುವ ಬಿಸಿಲ ಕೋಲು ದಿನವಿಡೀ ಎಲ್ಲೆಲ್ಲಿ ಸರಿಯುತ್ತದೆಂದು ಗುರುತು ಹಾಕಿ, ಆ ದಾರಿಯಲ್ಲಿ ಏನನ್ನೂ ಇಡಬೇಡಿ. ಒಮ್ಮೆ ಮಾಸಿದ ಬಣ್ಣ ಕತ್ತಲಲ್ಲಿಟ್ಟರೂ ಮರಳುವುದಿಲ್ಲ.

7. ವರ್ಷದ ಲೆಕ್ಕ

ಮೇ ತಿಂಗಳಲ್ಲಿ ಸೂರು, ದೋಣಿ, ವೈರಿಂಗ್, ಬೆಂಕಿ ನಂದಿಸುವ ಸಿಲಿಂಡರಿನ ದಿನಾಂಕ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಪಾಟು ತೆರೆದು ಮೂಗಿಗೆ ಕೆಲಸ ಕೊಡಿ, ಬೂಷ್ಟು ಕಣ್ಣಿಗೆ ಬೀಳುವ ಮೊದಲು ವಾಸನೆಗೆ ಸಿಗುತ್ತದೆ. ಕಾಗದ ನೀರಲ್ಲಿ ನೆನೆದರೆ ಎರಡು ದಿನದೊಳಗೆ ಬ್ಲಾಟಿಂಗ್ ಪೇಪರ್ ಇಟ್ಟು, ಫ್ಯಾನ್ ಕೆಳಗೆ ಒಣಗಿಸಬೇಕು. ರಾಶಿ ದೊಡ್ಡದಾದರೆ ಅದೇ ಡೀಪ್ ಫ್ರೀಜರಿಗೆ ಹಾಕಿ ಸಮಯ ಕೊಳ್ಳಿ.

ಡಿಸೆಂಬರ್‌ನಲ್ಲಿ ರಿಜಿಸ್ಟರಿನಿಂದ ಕಣ್ಣುಮುಚ್ಚಿ ಇಪ್ಪತ್ತು ಸಂಖ್ಯೆ ಆರಿಸಿ, ಆ ವಸ್ತುಗಳನ್ನು ಹುಡುಕಿ. ಬಳಿಕ ಕಪಾಟಿನಿಂದ ಇಪ್ಪತ್ತು ವಸ್ತು ಎತ್ತಿ, ರಿಜಿಸ್ಟರಿನಲ್ಲಿ ಅವುಗಳ ಸಾಲು ಹುಡುಕಿ. ಬೀಗದ ಕೈ ಇಟ್ಟುಕೊಳ್ಳದ ಹೊರಗಿನವರೊಬ್ಬರು ಜೊತೆಗಿರಲಿ. ಸಿಗದ ವಸ್ತುವಿನ ಎದುರು ಅವತ್ತೇ ‘ಕಾಣುತ್ತಿಲ್ಲ’ ಎಂದು ದಿನಾಂಕ ಹಾಕಿ, ಇಬ್ಬರೂ ಸಹಿ ಮಾಡಿ.