ಬೀಟೆ ಮೇಜಿಗೆ ಮತ್ತೆ ಹೊಳಪು ಬಂದದ್ದು

ಅಜ್ಜನ ಕಾಲದ ಬೀಟೆ ಮೇಜು ಕಪ್ಪುಗಟ್ಟಿತ್ತು. ನೋಡಿದವರೆಲ್ಲ ಉಪ್ಪುಕಾಗದದಿಂದ ಉಜ್ಜಿ ಹೊಸ ಪಾಲಿಶ್ ಹೊಡೆಸಲು ಹೇಳಿದರು. ನಾನು ಒಪ್ಪಲಿಲ್ಲ. ಹಳೆಯ ಮರದ ಮೇಲ್ಮೈ ದಶಕಗಳ ಬೆಳಕಿನಲ್ಲಿ ಪಡೆದ ಬಣ್ಣವನ್ನು ಒಮ್ಮೆ ಉಜ್ಜಿ ತೆಗೆದರೆ ಯಾವ ಪಾಲಿಶೂ ಅದನ್ನು ಮರಳಿಸದು.

ಮೊದಲು ಕೊಳೆ. ಉಗುರುಬೆಚ್ಚಗಿನ ನೀರಿಗೆ ಕೆಲವು ಹನಿ ಸೌಮ್ಯ ಸೋಪು ಬೆರೆಸಿ, ಅದರಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿದೆ, ಹಿಂದೆಯೇ ಒಣಬಟ್ಟೆ. ಕಪ್ಪಿನ ಬಹುಪಾಲು ಹೊಗೆ, ಎಣ್ಣೆ, ಧೂಳು ಕೂಡಿದ ಜಿಡ್ಡಾಗಿತ್ತು. ಬಟ್ಟೆ ಕೊಳೆಯಾಗುವುದು ನಿಲ್ಲುವವರೆಗೂ ಬಟ್ಟೆ ಬದಲಿಸುತ್ತಾ ಹೋದೆ.

ನಂತರ ಮೇಜಿನ ಅಡಿಯಲ್ಲಿ, ಕಾಣದ ಜಾಗದಲ್ಲಿ, ಸ್ಪಿರಿಟ್ (ಪಾಲಿಶ್‌ಗೆ ಬಳಸುವ ಮದ್ಯಸಾರ) ಹನಿಸಿ ನೋಡಿದೆ. ಲೇಪ ಅಂಟಂಟಾಯಿತು. ಅಂದರೆ ಅದು ಅರಗಿನ (ಶೆಲ್ಯಾಕ್) ಪಾಲಿಶ್. ವಾರ್ನಿಶ್ ಆಗಿದ್ದರೆ ಅಷ್ಟು ಸುಲಭಕ್ಕೆ ಬಗ್ಗುತ್ತಿರಲಿಲ್ಲ. ಅರಗಿನ ದೊಡ್ಡ ಗುಣವೆಂದರೆ ಹೊಸ ಪದರ ಹಳೆಯದನ್ನು ಸ್ವಲ್ಪ ಕರಗಿಸಿ ಅದರೊಳಗೇ ಬೆರೆತುಕೊಳ್ಳುತ್ತದೆ. ಹಳೆಯದನ್ನು ಕಿತ್ತೆಸೆಯುವ ಅಗತ್ಯವೇ ಇಲ್ಲ.

ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 120 ಗ್ರಾಂ ಲೆಕ್ಕದಲ್ಲಿ ಅರಗಿನ ಚಕ್ಕೆಗಳನ್ನು ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ, ತೆಳುಬಟ್ಟೆಯಲ್ಲಿ ಸೋಸಿದೆ. ಕಬ್ಬಿಣದ ಡಬ್ಬ ಬೇಡ, ದ್ರಾವಣ ಕಪ್ಪಾಗುತ್ತದೆ. ಹತ್ತಿಯ ಉಂಡೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಒಳಗಿನ ಹತ್ತಿಗೆ ದ್ರಾವಣ ಹಾಕಿ, ಮರದ ಎಳೆಗುಂಟ ಎಲ್ಲಿಯೂ ನಿಲ್ಲಿಸದೆ ಸವರಬೇಕು. ಕೈ ನಿಂತರೆ ಕೆಳಗಿನ ಪದರ ಎದ್ದು ಬಟ್ಟೆಗೆ ಅಂಟುತ್ತದೆ. ತೆಳುವಾದ ಪದರಗಳು, ನಡುವೆ ಒಣಗಲು ಬಿಡುವು: ಇಷ್ಟೇ ಗುಟ್ಟು. ಲೋಟದ ಬಿಳಿ ಉಂಗುರಗಳು ಪದರದೊಳಗೆ ಸಿಕ್ಕಿಕೊಂಡ ತೇವ. ಸ್ಪಿರಿಟ್ ಸೋಕಿಸಿದ ಬಟ್ಟೆ ಹಗುರವಾಗಿ ಹಾಯ್ದಾಗ ಮಾಯವಾದವು.

ಬೀಟೆಗೆ ಒಂದು ಎಚ್ಚರ ಬೇಕು. ಸ್ಪಿರಿಟ್ ಬರಿಮರಕ್ಕೆ ತಾಗಿದರೆ ಮರವೇ ನೇರಳೆಗೆಂಪು ಬಣ್ಣ ಬಿಡುತ್ತದೆ. ಮರದಲ್ಲಿ ಬೇರೆ ಬಣ್ಣದ ಮರದ ತುಂಡುಗಳನ್ನು ಕೂರಿಸಿ ಚಿತ್ರ ಮಾಡುವ ಮೈಸೂರಿನ ಇನ್‌ಲೇ ಕೆಲಸವಿರುವ ವಸ್ತುವಾದರೆ ಆ ಬಣ್ಣ ಪಕ್ಕದ ತಿಳಿ ಮರಕ್ಕೆ ಹರಡಿ ಚಿತ್ರವನ್ನೇ ಕೆಡಿಸುತ್ತದೆ. ಅಂಥವನ್ನು ನುರಿತ ಕೈಗೇ ಒಪ್ಪಿಸಿ. ಮಳೆಗಾಲದಲ್ಲಿ ಈ ಕೆಲಸ ಬೇಡ, ಗಾಳಿಯ ತೇವಕ್ಕೆ ಲೇಪ ಬೆಳ್ಳಗಾಗುತ್ತದೆ. ದೇವರ ದೀಪ, ಒಲೆ ಹತ್ತಿರದಲ್ಲಿರಕೂಡದು.

ಕೊನೆಗೆ ಜೇನುಮೇಣ ಸವರಿ ಉಜ್ಜಿದೆ. ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ನನಗೆ ಸರಿಕಾಣದು. ಅದು ಒಣಗುವುದಿಲ್ಲ, ಧೂಳು ಹಿಡಿಯುತ್ತದೆ. ಈಗ ಬಿಸಿ ಕಾಫಿ ಲೋಟದ ಕೆಳಗೆ ದಪ್ಪ ಬಟ್ಟೆ ಕಡ್ಡಾಯ. ಸ್ಯಾನಿಟೈಸರ್ ಬಾಟಲಿಯನ್ನಂತೂ ಮೇಜಿನ ಮೇಲೆ ಇಡಲು ಬಿಡುವುದಿಲ್ಲ, ಅದರಲ್ಲಿರುವ ಮದ್ಯಸಾರಕ್ಕೂ ಅರಗು ಕರಗುತ್ತದೆ.